ಪೆಟ್ಟಿಗೆಯಿಲ್ಲದ ನಿಧಿ: ಕಡಲಂಚಿನಿಂದ ಶರಾವತಿಯ ಹಿನ್ನೀರಿಗೆ

'ನಿಧಿ' ಎಂಬ ಮಾತನ್ನು ಕೇಳಿದೊಡನೆಯೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಹೊನ್ನು ತುಂಬಿದ ಕೊಪ್ಪರಿಗೆ, ಅದನ್ನು ಕಾಯುವ ಸರ್ಪ, ಮತ್ತು ಅಮಾವಾಸ್ಯೆಯ ರಾತ್ರಿ ಹಾರೆ ಗುದ್ದಲಿಗಳನ್ನು ಹಿಡಿದು ಹೊರಡುವ ದುರಾಶೆಯ ಮನುಷ್ಯ. ಈ ದುರಾಶೆಯ ದೆಸೆಯಿಂದ ನಮ್ಮ ನಾಡಿನಲ್ಲಿ ಎಷ್ಟು ಹಳೆಯ ಗುಡಿಗಳ ಪೀಠಗಳನ್ನು ಅಗೆದು ಹಾಕಿದ್ದಾರೆ, ಎಷ್ಟು ವೀರಗಲ್ಲುಗಳನ್ನು ಬುಡಮೇಲು ಮಾಡಿದ್ದಾರೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಆದರೆ ಅಗೆಯದೆ, ಒಡೆಯದೆ, ಒಂದು ಕಾಸಿನ ಲಾಭವನ್ನೂ ಬಯಸದೆ ನಿಧಿಯನ್ನು ಹುಡುಕುವ ಆಟವೊಂದು ಕಳೆದ ಇಪ್ಪತ್ತೈದು ವರ್ಷಗಳಿಂದ ಪ್ರಪಂಚದಲ್ಲಿ ಬೆಳೆದು ಬಂದಿದೆ. ಅದರ ಹೆಸರು ಜಿಯೋಕ್ಯಾಶಿಂಗ್. 'ಜಿಯೋ' ಎಂದರೆ ಭೂಮಿ; 'ಕ್ಯಾಶ್' ಎಂದರೆ ಬಚ್ಚಿಟ್ಟ ವಸ್ತು. ಬ್ಯಾಂಕಿನ ಗುಮಾಸ್ತರು ಎಣಿಸಿ ಕೊಡುವ 'ಕ್ಯಾಶಿ'ಗೂ ಇದಕ್ಕೂ ಸಂಬಂಧವಿಲ್ಲ. ಇದು 'ಬಚ್ಚಿಡು' ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದುದು.

ಈ ಆಟದ ಹುಟ್ಟು, ಅದರ ಹಿಂದಿರುವ ಶಾಸ್ತ್ರ, ಮತ್ತು ನಮ್ಮ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಅದನ್ನು ಹೇಗೆ ಆಡಬಹುದು, ಹೇಗೆ ಆಡಬಾರದು ಎಂಬುದನ್ನು ಯಥಾಮತಿಯಾಗಿ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದುದರಿಂದ ನನಗೆ ಅರ್ಥವಾದಷ್ಟನ್ನು, ನನ್ನಂಥವರಿಗೆ ಅರ್ಥವಾಗುವ ರೀತಿಯಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಆಟದ ಹುಟ್ಟು

ಈ ಆಟಕ್ಕೆ ಒಬ್ಬ ಹಿರಿಯನಿದ್ದಾನೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಎತ್ತರದ ಬಯಲುಸೀಮೆಯಲ್ಲಿ, ಸುಲಭವಾಗಿ ತಲುಪಲಾಗದ ಕ್ರ್ಯಾನ್‌ಮಿಯರ್ ಎಂಬ ಹೊಂಡದ ಬಳಿ, ೧೮೫೪ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಒಂದು ಸೀಸೆಯನ್ನಿಟ್ಟನು. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು. 'ನಾನು ಇಲ್ಲಿಗೆ ಬಂದಿದ್ದೆ' ಎಂದು ಹೇಳಿಕೊಳ್ಳುವ ಆ ಸಣ್ಣ ಸಂತೋಷವೇ ಮುಂದೆ 'ಲೆಟರ್‌ಬಾಕ್ಸಿಂಗ್' ಎಂಬ ಹವ್ಯಾಸವಾಗಿ ಬೆಳೆಯಿತು.

ಎರಡನೆಯ ಕಾರಣವು ಯುದ್ಧಶಾಸ್ತ್ರಕ್ಕೆ ಸೇರಿದುದು. ಅಮೆರಿಕದ ಸೈನ್ಯವು ತನ್ನ ಹಡಗು, ವಿಮಾನಗಳ ನೆಲೆಯನ್ನು ತಿಳಿಯುವುದಕ್ಕಾಗಿ ಉಪಗ್ರಹಗಳ ಒಂದು ವ್ಯವಸ್ಥೆಯನ್ನು ಮಾಡಿಕೊಂಡಿತು. ಇದೇ ಜಿ.ಪಿ.ಎಸ್. ೧೯೮೩ರ ಸೆಪ್ಟೆಂಬರಿನಲ್ಲಿ ಕೊರಿಯದ ಒಂದು ಪ್ರಯಾಣಿಕ ವಿಮಾನವು ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕು ಹೊಡೆತಕ್ಕೆ ಸಿಕ್ಕಿ, ೨೬೯ ಮಂದಿ ಮಡಿದರು. ಅದಾದ ಮೇಲೆ ಈ ವ್ಯವಸ್ಥೆಯನ್ನು ಸಾಮಾನ್ಯ ಜನರ ಉಪಯೋಗಕ್ಕೂ ಕೊಡುವುದಾಗಿ ಅಮೆರಿಕ ಸಾರಿತು. ಆದರೆ ಜನರಿಗೆ ಕೊಟ್ಟ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ತಪ್ಪನ್ನು ಬೆರೆಸಲಾಗುತ್ತಿತ್ತು. ಯಂತ್ರವು ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬೀಳುವುದುಂಟು. ೨೦೦೦ದ ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಈ ಬೆರಕೆಯನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ಪ್ರಪಂಚದ ಎಲ್ಲ ಜಿ.ಪಿ.ಎಸ್. ಯಂತ್ರಗಳ ದೃಷ್ಟಿಯೂ ಹತ್ತು ಪಾಲು ಚುರುಕಾಯಿತೆನ್ನಬಹುದು.

ಮರುದಿನ, ಅಂದರೆ ಮೇ ೩ರಂದು, ಡೇವ್ ಅಲ್ಮರ್ ಎಂಬವರು ಈ ಚುರುಕನ್ನು ಪರೀಕ್ಷಿಸುವುದಕ್ಕಾಗಿ ಆರೆಗಾನ್ ಸಂಸ್ಥಾನದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕರಿಯ ಬಕೆಟ್ಟನ್ನಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಬಕೆಟ್ಟಿನಲ್ಲಿದ್ದುದು ಕೆಲವು ಪುಸ್ತಕ, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಅವರೆ ಮೊದಲಾದ ಅಗ್ಗದ ವಸ್ತುಗಳು. ಮೂರೇ ದಿನಗಳಲ್ಲಿ ಜನರು ಅದನ್ನು ಕಂಡುಹಿಡಿದರು. ಆಟವು ಹುಟ್ಟಿದ್ದು ಹೀಗೆ. ಇಂದು ಪ್ರಪಂಚದಲ್ಲಿ ಇಂತಹ ನಿಧಿಗಳು ಮೂವತ್ತು ಲಕ್ಷಕ್ಕೂ ಹೆಚ್ಚಾಗಿವೆ. ಭೂಮಿಯ ಏಳು ಖಂಡಗಳಲ್ಲಿಯೂ ಇವೆ. ನಮ್ಮ ಬೆಂಗಳೂರಿನಲ್ಲಿಯೂ ಕೆಲವಿವೆ.

ಆಟದ ಕ್ರಮ ಬಹು ಸರಳ. ಒಬ್ಬನು ನೀರು ಹೋಗದ ಒಂದು ಡಬ್ಬಿಯಲ್ಲಿ ಸಣ್ಣ ಪುಸ್ತಕವನ್ನಿಟ್ಟು ಬಚ್ಚಿಡುತ್ತಾನೆ. ಅದರ ನೆಲೆಯ ಅಂಕೆಗಳನ್ನೂ ಒಂದು ಸುಳಿವಿನ ಮಾತನ್ನೂ ಪ್ರಕಟಿಸುತ್ತಾನೆ. ಹುಡುಕಿದವನು ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲಿಯೇ ಇಡಬೇಕು. ಒಳಗಿನ ವಸ್ತುವೊಂದನ್ನು ತೆಗೆದುಕೊಂಡರೆ ಅದಕ್ಕೆ ಸಮನಾದುದನ್ನು ಹಾಕಬೇಕು. ನೆಲವನ್ನು ಅಗೆದು ಹೂಳಬಾರದು. ಜಾಗದ ಒಡೆಯನ ಅಪ್ಪಣೆ ಇರಬೇಕು. ತಿನ್ನುವ ಪದಾರ್ಥವನ್ನಿಡಬಾರದು. ಒಂದು ನಿಧಿಗೂ ಇನ್ನೊಂದಕ್ಕೂ ಕಡಮೆಯೆಂದರೆ ೧೬೧ ಮೀಟರಿನ ಅಂತರವಿರಬೇಕು. ಬಚ್ಚಿಟ್ಟವನೇ ಆಗಾಗ ಹೋಗಿ ಅದರ ಯೋಗಕ್ಷೇಮವನ್ನು ನೋಡಿಕೊಳ್ಳಬೇಕು.

ಅಂಕೆಗಳು ನೆಲೆಯನ್ನು ಹೇಗೆ ಹೇಳುತ್ತವೆ?

ಅಕ್ಷಾಂಶ ರೇಖಾಂಶಗಳನ್ನು ನಾವು ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠ ಮಾಡಿ ಮರೆತಿದ್ದೇವೆ. ಅಕ್ಷಾಂಶದ ಒಂದು ಡಿಗ್ರಿಯು ಸುಮಾರು ೧೧೧ ಕಿಲೋಮೀಟರು. ಡಿಗ್ರಿಯ ಅರವತ್ತನೆಯ ಒಂದು ಪಾಲು ಒಂದು ಮಿನಿಟು, ಅದು ೧.೮೫ ಕಿಲೋಮೀಟರು. ಕಡಲಿನವರು 'ಮೈಲು' ಎನ್ನುವುದು ಇದನ್ನೇ. ಜಿಯೋಕ್ಯಾಶಿಂಗಿನವರು ಮಿನಿಟಿನ ಸಾವಿರದ ಒಂದು ಪಾಲಿನವರೆಗೆ ಅಂಕೆಯನ್ನು ಕೊಡುತ್ತಾರೆ. ಅಂದರೆ ಎರಡು ಮೀಟರಿಗಿಂತ ಕಡಮೆ. ಒಂದು ಚಾಪೆಯ ಉದ್ದ. ಇಷ್ಟು ವಿಶಾಲವಾದ ಭೂಮಿಯ ಮೇಲೆ ಒಂದು ಚಾಪೆಯನ್ನು ಎರಡು ಅಂಕೆಗಳಲ್ಲಿ ಹೇಳಬಹುದೆಂದರೆ ಸಾಮಾನ್ಯ ಸಂಗತಿಯೇ?

ಇನ್ನು ಕೈಯಲ್ಲಿರುವ ಮೊಬೈಲು ಈ ಅಂಕೆಯನ್ನು ಹೇಗೆ ಕಂಡುಕೊಳ್ಳುತ್ತದೆ? ಇದಕ್ಕೆ ನಮ್ಮ ಊರುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಬ್ಬ ಮಿತ್ರನು ಎಲ್ಲಿಯೋ ನಿಂತು, 'ನಾನು ಬ್ರಹ್ಮಾವರದಿಂದ ನೇರ ರೇಖೆಯಲ್ಲಿ ಸುಮಾರು ೨೩ ಕಿಲೋಮೀಟರು ದೂರದಲ್ಲಿದ್ದೇನೆ' ಎನ್ನುತ್ತಾನೆಂದು ಭಾವಿಸಿರಿ. ನಕ್ಷೆಯಲ್ಲಿ ಬ್ರಹ್ಮಾವರವನ್ನು ಕೇಂದ್ರವಾಗಿಟ್ಟು ಒಂದು ವೃತ್ತವನ್ನೆಳೆದರೆ ಆತನು ಆ ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. 'ಕೊಲ್ಲೂರಿನಿಂದ ಸುಮಾರು ೨೯' ಎಂದು ಮತ್ತೆ ಹೇಳಿದರೆ ಇನ್ನೊಂದು ವೃತ್ತವನ್ನೆಳೆಯಬೇಕು. ಎರಡು ವೃತ್ತಗಳೂ ಎರಡು ಕಡೆಗಳಲ್ಲಿ ಕೂಡುತ್ತವೆ: ಒಂದು ಕುಂದಾಪುರದಲ್ಲಿ, ಇನ್ನೊಂದು ಪೂರ್ವಕ್ಕೆ, ಒಳನಾಡಿನಲ್ಲಿ ಶಂಕರನಾರಾಯಣದ ಕಡೆಗೆ. 'ಬೈಂದೂರಿನಿಂದ ೨೭' ಎಂಬ ಮೂರನೆಯ ಮಾತು ಬಂದೊಡನೆಯೇ ಸಂಶಯ ಪರಿಹಾರವಾಗುತ್ತದೆ. ಆತನು ಕುಂದಾಪುರದಲ್ಲಿಯೇ ನಿಂತಿದ್ದಾನೆ!

ಜಿ.ಪಿ.ಎಸ್. ಮಾಡುವುದೂ ಇದನ್ನೇ. ಬ್ರಹ್ಮಾವರ, ಕೊಲ್ಲೂರು, ಬೈಂದೂರುಗಳ ಬದಲಾಗಿ ಅದು ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳನ್ನು ಕೇಂದ್ರವಾಗಿಟ್ಟುಕೊಳ್ಳುತ್ತದೆ. ಪ್ರತಿಯೊಂದು ಉಪಗ್ರಹವೂ 'ನಾನು ಇಂಥಲ್ಲಿದ್ದೇನೆ, ಈಗ ಸಮಯ ಇಷ್ಟು' ಎಂದು ಕೂಗುತ್ತಲೇ ಇರುತ್ತದೆ. ಬೆಳಕಿನ ವೇಗದಿಂದ ಬರುವ ಆ ಕೂಗು ನಮ್ಮನ್ನು ಮುಟ್ಟಲು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಪಾಲು ಹಿಡಿಯುತ್ತದೆ. ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಬಹುದು. ಆದರೆ ಗಡಿಯಾರವು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕವು ೩೦೦ ಮೀಟರು ತಪ್ಪುತ್ತದೆ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ನಮ್ಮ ಮೊಬೈಲಿನಲ್ಲಿರುವುದು ಅಗ್ಗದ ಗಡಿಯಾರ. ಅದರ ತಪ್ಪನ್ನು ತಿದ್ದುವುದಕ್ಕಾಗಿ ನಾಲ್ಕನೆಯ ಉಪಗ್ರಹವೊಂದರ ಸಾಕ್ಷ್ಯ ಬೇಕಾಗುತ್ತದೆ. ನಮ್ಮ ದೇಶವೂ ೨೦೧೩ರಿಂದ ಈ ಕೆಲಸಕ್ಕೆ ಸ್ವಂತ ಉಪಗ್ರಹಗಳನ್ನು ಹಾರಿಸಲು ತೊಡಗಿ, ೨೦೧೬ರಲ್ಲಿ ಆ ವ್ಯವಸ್ಥೆಗೆ 'ನಾವಿಕ್' ಎಂದು ಹೆಸರಿಟ್ಟಿತು. ಕರಾವಳಿಯವರಾದ ನಮಗೆ ಈ ಹೆಸರು ಬಹಳ ಒಪ್ಪುತ್ತದೆ.

ಅಜ್ಜನ ಎರಡು ಗೆರೆಗಳು

ಈ ಶಾಸ್ತ್ರವನ್ನು ಓದುವಾಗ ನನಗೆ ಹೊಸದೇನನ್ನೋ ಓದುತ್ತಿದ್ದೇನೆಂದು ಅನ್ನಿಸಲಿಲ್ಲ. ಕಾರಣವಿಷ್ಟೇ. ನನ್ನ ಅಜ್ಜ ಗಂಗೊಳ್ಳಿಯಲ್ಲಿ ದೋಣಿಯ ಮೇಲೆ ಬಾಳಿದವರು, ಅಕ್ಷರ ಕಲಿತವರಲ್ಲ. ಅಪ್ಪಯ್ಯ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೋಟಿಗೆ ಹೋದವರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜನ ಕಾಲದಲ್ಲಿ ಯಂತ್ರವಿರಲಿಲ್ಲ. ಆದರೂ ನೆಲ ಕಾಣುವಷ್ಟು ದೂರದ ಕಡಲಿನಲ್ಲಿ, ನಿನ್ನೆ ಮೀನು ಸಿಕ್ಕಿದ ಅದೇ ಜಾಗಕ್ಕೆ ಇಂದು ಹೋಗಿ ಬಲೆ ಬಿಡುತ್ತಿದ್ದರು. ನೀರಿನೊಳಗೆ ಅಡಗಿ ಬಲೆಯನ್ನು ಹರಿಯುವ ಕಲ್ಲುಗಳನ್ನು ತಪ್ಪಿಸಿಕೊಂಡು ಹೋಗುತ್ತಿದ್ದರು. ಅದು ಹೇಗೆಂದು ಕೇಳಿದರೆ ಅವರ ಉತ್ತರ ಹೀಗಿತ್ತು: ದಡದ ಒಂದು ದೊಡ್ಡ ಮರವು ಹಿಂದಿನ ಕೊಡಚಾದ್ರಿಯ ತುದಿಗೆ ನೇರವಾಗಿ ಕಾಣಬೇಕು, ಅದು ಒಂದು ಗೆರೆ. ಬಡಗಲ ಕಡೆಯ ಒಂದು ಗುಡ್ಡದ ಮೂಗು ಇನ್ನೊಂದು ಗುಡ್ಡದ ಇಳಿಜಾರಿಗೆ ತಾಗಿದಂತೆ ಕಾಣಬೇಕು. ಅದು ಎರಡನೆಯ ಗೆರೆ. ಎರಡೂ ಗೆರೆಗಳು ಕೂಡಿದಲ್ಲಿ ಕಲ್ಲು.

ದೊಡ್ಡ ದೊಡ್ಡ ಸರ್ವೇಯವರು ಮಾಡಿದುದೂ ಇದೇ ಗೆರೆಗಳ ವಿದ್ಯೆಯನ್ನು. ೧೮೦೨ರ ಏಪ್ರಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸರಪಣಿಯಿಂದ ಒಂದು ಗೆರೆಯನ್ನು ಅಳೆಯಲಾರಂಭಿಸಿ, ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿಯ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿನ ಮೇಲಾಗಿ ಮಂಗಳೂರಿನ ಕಡಲನ್ನು ಮುಟ್ಟಿದನು. ದಕ್ಷಿಣ ಭಾರತದ ಅಗಲವು ಅದುವರೆಗೆ ನಕ್ಷೆಗಳಲ್ಲಿ ತೋರಿಸುತ್ತಿದ್ದ ೪೦೦ ಮೈಲುಗಳಲ್ಲ, ೩೬೦ ಮೈಲು ಮಾತ್ರ ಎಂದು ಆಗ ತಿಳಿದುಬಂತು. ಲ್ಯಾಂಬ್ಟನ್ನನ ಗೆರೆಗಳು ಪುಸ್ತಕಗಳಲ್ಲಿ ಉಳಿದುವು. ಅಜ್ಜನ ಗೆರೆಗಳು ಅಜ್ಜನ ತಲೆಯಲ್ಲಿ ಉಳಿದುವು. ವ್ಯತ್ಯಾಸ ಇಷ್ಟೇ.

ಈಗ ಅಪ್ಪಯ್ಯನ ಬೋಟಿನಲ್ಲಿ ಜಿ.ಪಿ.ಎಸ್. ಇದೆ. ಕಲ್ಲು ಇರುವ ಜಾಗದ ಅಂಕೆಗಳನ್ನು ಬೋಟಿನವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ; ಮೀನು ಸಿಗುವ ಜಾಗದ ಅಂಕೆಗಳನ್ನು ಮಾತ್ರ ಅಣ್ಣ ತಮ್ಮನಿಗೂ ಹೇಳುವುದಿಲ್ಲ! ಹೀಗೆ ನಮ್ಮ ಕಡಲಿನಲ್ಲಿ ಜಿಯೋಕ್ಯಾಶಿಂಗ್ ಎಂದೋ ನಡೆಯುತ್ತಿದೆಯೆನ್ನಬಹುದು. ಆದರೆ ಅದು ಆಟವಲ್ಲ, ಹೊಟ್ಟೆಪಾಡು. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ೭ ಮಂದಿ ಮೀನುಗಾರರೊಡನೆ ಕಾಣೆಯಾಗಿ, ಅದರ ಅವಶೇಷವು ೨೦೧೯ರ ಮೇ ತಿಂಗಳಲ್ಲಿ ಮಾಲವಣದ ಆಚೆ ಸಮುದ್ರದ ತಳದಲ್ಲಿ ನೌಕಾಪಡೆಗೆ ಸಿಕ್ಕುವವರೆಗೆ, ಈ ಕರಾವಳಿಯ ಮನೆಮನೆಯೂ ಕೇಳಿದ ಪ್ರಶ್ನೆ ಒಂದೇ: 'ಎಲ್ಲಿ?' ಆ ಒಂದು ಮಾತಿನ ಭಾರವನ್ನು ನಾವು ಬಲ್ಲೆವು.

ಒಮ್ಮೆ ನಾನು ಅಪ್ಪಯ್ಯನ ಯಂತ್ರದ ಅಂಕೆಗಳನ್ನು ಅಜ್ಜನಿಗೆ ಓದಿ ಹೇಳಿದಾಗ ಅವರು ನಕ್ಕು, 'ಪೆಟ್ಟಿ ಹೇಳುದ್ ಸಮ ಮಗಾ. ಆರೆ ಕಲ್ಲಿನ್ ಹೆಸ್ರ್ ಎಂತ ಅಂದೇಳಿ ಅದಕ್ಕ್ ಗೊತ್ತಿತ್ತಾ?' ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೆದ್ದಾರಿಯ ಅಗಲೀಕರಣದಲ್ಲಿ ಅಜ್ಜನ ಗುರುತಿನ ಮರವೂ ಹೋಯಿತು. ಈಗ ಆ ಗೆರೆಯು ಅವರ ನೆನಪಿನಲ್ಲಿ ಮಾತ್ರ ಇದೆ. ಅವರಿಗೆ ವಯಸ್ಸು ಎಂಬತ್ತು ದಾಟಿದೆ.

ಕಡಲಿನಿಂದ ಹಿನ್ನೀರಿಗೆ

ಈ ವರ್ಷ ಬೇಸಗೆಯ ಮೊದಲಲ್ಲಿ ಒಂದು ಆದಿತ್ಯವಾರ ನಾವು ಮೂವರು ಸಹಪಾಠಿಗಳು ಎರಡು ಬೈಕುಗಳಲ್ಲಿ ಬ್ರಹ್ಮಾವರದಿಂದ ಹೊರಟು, ಕುಂದಾಪುರ, ಬೈಂದೂರು, ಕೊಲ್ಲೂರುಗಳ ಮೇಲಾಗಿ ಘಟ್ಟ ಹತ್ತಿ ಶರಾವತಿಯ ಹಿನ್ನೀರಿನವರೆಗೆ ಹೋಗಿಬಂದೆವು. ಡಬ್ಬಿಗಳನ್ನು ಬಚ್ಚಿಡಲಿಲ್ಲ. ಪ್ರತಿಯೊಂದು ತಾಣದಲ್ಲಿಯೂ ಅಂಕೆಗಳನ್ನು ಬರೆದುಕೊಂಡು, ಅಲ್ಲಿ ನಿಂತು ಕಣ್ಣಿಟ್ಟು ನೋಡಿದವನು ಮಾತ್ರ ಉತ್ತರಿಸಬಹುದಾದ ಒಂದೊಂದು ಪ್ರಶ್ನೆಯನ್ನು ತಯಾರಿಸಿದೆವು. ಇದು ನಮ್ಮ ಕಲ್ಪನೆಯಲ್ಲ. ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ ೨೦೦೪ರಲ್ಲಿ 'ಅರ್ತ್‌ಕ್ಯಾಶ್' ಎಂಬ ಪ್ರಭೇದವು ಹುಟ್ಟಿತು. ಅದರಲ್ಲಿ ಪೆಟ್ಟಿಗೆಯಿಲ್ಲ, ನಿಧಿಯೆಂದರೆ ಭೂಮಿಯೇ. ಸ್ಥಳದ ಬಂಡೆ, ನದಿ, ಮಣ್ಣುಗಳನ್ನು ನೋಡಿ ಉತ್ತರ ಕಳುಹಿಸಿದವನು ನಿಧಿಯನ್ನು ಕಂಡನೆಂದು ಲೆಕ್ಕ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಕಲ್ಲುಗಳು, ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರವು ನಮ್ಮ ನೆಲದಿಂದ ಬೇರೆಯಾದ ಕಾಲದವು ಎಂಬುದನ್ನು ನೆನೆದರೆ, ನಮ್ಮ ಜಿಲ್ಲೆಯಲ್ಲಿ ಈ ಪ್ರಭೇದಕ್ಕೆ ಎಷ್ಟು ಸಾಮಗ್ರಿಯಿದೆಯೆಂದು ತಿಳಿಯುತ್ತದೆ.

ನಮ್ಮ ಮೊದಲ ತಾಣ ಬ್ರಹ್ಮಾವರ ತಾಲೂಕಿನ ಬಾರಕೂರು. ಆಳುಪರ ರಾಜಧಾನಿಯಾಗಿದ್ದು, ಅನಂತರ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯ ಪಟ್ಟಣವಾಗಿದ್ದ ಊರು ಇದು. ಕತ್ತಲೆ ಬಸದಿಯ ಅಂಗಳದಲ್ಲಿ ನಿಂತರೆ, ನಿಧಿಯಾಸೆಗೆ ಹಾರೆ ಹಿಡಿಯುವುದಕ್ಕೂ ಲೇಖನಿ ಹಿಡಿಯುವುದಕ್ಕೂ ಇರುವ ಅಂತರವು ತಾನೇ ಮನಸ್ಸಿಗೆ ಬರುತ್ತದೆ. ಇಲ್ಲಿ ಶಾಸನದ ಕಲ್ಲೇ ನಿಧಿ. ಅದನ್ನು ಮುಟ್ಟದೆ ಓದಬೇಕು.

ಎರಡನೆಯದು ಕುಂದಾಪುರವನ್ನು ದಾಟಿದ ಮೇಲೆ ಸಿಗುವ ಮರವಂತೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಚಿತ್ರ ತೆಗೆದುಕೊಂಡು ಹೋಗುವವರು ಬಹಳ ಮಂದಿ. ನಾವು ಇಟ್ಟ ಪ್ರಶ್ನೆ ಇದು: ಕೊಡಚಾದ್ರಿಯಿಂದ ಇಷ್ಟು ದೂರ ಹರಿದು ಬಂದ ನದಿಯು ಕೂಗಳತೆಯಲ್ಲಿ ಸಮುದ್ರವನ್ನು ಕಂಡೂ ಏಕೆ ಸೇರದೆ ತೆಂಕಣಕ್ಕೆ ತಿರುಗುತ್ತದೆ? ಕಾರಣ ಕಾಲಡಿಯಲ್ಲಿಯೇ ಇದೆ. ಅಲೆಗಳು ದಡದುದ್ದಕ್ಕೂ ತಂದು ಒಟ್ಟಿದ ಮರಳು ಒಂದು ಒಡ್ಡಿನಂತೆ ನಿಂತಿದೆ. ಅದನ್ನು ಸುತ್ತಿಕೊಂಡು ಮತ್ತೆ ಸುಮಾರು ಹತ್ತು ಕಿಲೋಮೀಟರು ಹರಿದು, ಗಂಗೊಳ್ಳಿಯಲ್ಲಿ ಬೇರೆ ನಾಲ್ಕು ಹೊಳೆಗಳ ಜೊತೆಗೆ ಪಂಚಗಂಗಾವಳಿಯಾಗಿ ಅದು ಕಡಲನ್ನು ಸೇರುತ್ತದೆ. ನಾವು ಬೈಕು ಓಡಿಸಿದ ರಸ್ತೆಯೂ ಆ ಒಡ್ಡಿನ ಮೇಲೆಯೇ ಇದೆ.

ಮೂರನೆಯದು ಬೈಂದೂರಿನ ಒತ್ತಿನೆಣೆ. ಇಲ್ಲಿಯ ಕೆಂಪು ಗುಡ್ಡದಲ್ಲಿ ಮುರಕಲ್ಲನ್ನು ಕಣ್ಣಾರೆ ನೋಡಬಹುದು. ಒಳಗಿರುವಾಗ ಕತ್ತಿಗೆ ಬಗ್ಗುವಷ್ಟು ಮೆದು. ಹೊರಗೆ ಗಾಳಿಗೊಡ್ಡಿದರೆ ಮನೆ ಕಟ್ಟುವಷ್ಟು ಗಟ್ಟಿ. ೧೮೦೧ರಲ್ಲಿ ಈ ಕರಾವಳಿಯಲ್ಲಿಯೇ ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ, ಮಲಬಾರಿನಲ್ಲಿ ತಾನು ಕಂಡುದನ್ನು ಆಧರಿಸಿ, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಆ ಹೆಸರು ಇಂದು ಪ್ರಪಂಚಕ್ಕೆಲ್ಲ ನಡೆಯುತ್ತದೆ. ನಮ್ಮವರಿಗೆ ಮಾತ್ರ ಅದು ಇಂದಿಗೂ ಮುರಕಲ್ಲೇ.

ಬೈಂದೂರಿನಲ್ಲಿ ಬರೆದುಕೊಂಡ ಅಂಕೆಯನ್ನು ಕೊಲ್ಲೂರಿನ ಅಂಕೆಯೊಡನೆ ಹೋಲಿಸಿದಾಗ ನಮಗೆ ಒಂದು ಆಶ್ಚರ್ಯ ಕಾದಿತ್ತು. ಬೈಂದೂರು, ಕೊಲ್ಲೂರು, ಕೊಡಚಾದ್ರಿಯ ಶಿಖರ ಈ ಮೂರರ ಅಕ್ಷಾಂಶವೂ ಹೆಚ್ಚುಕಡಮೆ ಒಂದೇ: ೧೩ ಡಿಗ್ರಿ ೫೨ ಮಿನಿಟು. ಅಂದರೆ ಬೈಂದೂರಿನ ಕಡಲಿಗೆ ಬೆನ್ನು ಮಾಡಿ ನೇರ ಪೂರ್ವಕ್ಕೆ ಕೈ ಚಾಚಿದರೆ ಬೆರಳು ಸುಮಾರು ೨೦ ಕಿಲೋಮೀಟರು ದೂರದ ಮೂಕಾಂಬಿಕೆಯ ಗುಡಿಯನ್ನೂ, ಅದರ ಹಿಂದೆ ೧,೩೪೩ ಮೀಟರು ಎತ್ತರದ ಕೊಡಚಾದ್ರಿಯನ್ನೂ ತೋರಿಸುತ್ತದೆ. ಕಡಲಿನವರು ಈ ಬೆಟ್ಟವನ್ನು ಗುರುತಾಗಿ ಹಿಡಿದುದು ಸುಮ್ಮನೆ ಅಲ್ಲ.

ಕೊಲ್ಲೂರಿನಿಂದ ಮುಂದೆ ಅಂಕೆಗಳಿಗಿಂತ ಕಾನೂನು ಮುಖ್ಯ. ಇದು ೧೯೭೪ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ಅಪ್ಪಣೆಯಿಲ್ಲದೆ ಇಲ್ಲಿ ಕಾಡಿಗೆ ಇಳಿಯಬಾರದು. ಏನನ್ನೂ ಬಿಟ್ಟು ಬರಬಾರದು. ಬಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿಯು ಆಟಗಾರನಿಗೆ ನಿಧಿಯಾಗಿರಬಹುದು. ಮಂಗನಿಗೆ ಅದು ತಿಂಡಿಯ ಡಬ್ಬಿ, ಅರಣ್ಯ ರಕ್ಷಕನಿಗೆ ಕಸ, ಯಾತ್ರಾಸ್ಥಳದ ಪೋಲೀಸಿನವನಿಗೆ ಸಂಶಯದ ವಸ್ತು. ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಒಳಗಿನ ಪುಸ್ತಕವು ಬೂಷ್ಟು ಹಿಡಿದು ಹೋಗುವುದಂತೂ ನಿಶ್ಚಯ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳತಕ್ಕದ್ದು: ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಕೆಲವು ಹೊರದೇಶದ ಯಂತ್ರಗಳನ್ನು ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಸಾಮಾನ್ಯ ಮೊಬೈಲೇ ಸಾಕು.

ನಾಗೋಡಿಯ ಘಾಟಿಯನ್ನು ಹತ್ತಿ, ನಿಟ್ಟೂರಿನ ಕಡೆಯಿಂದ ತುಮರಿಯ ದಾರಿ ಹಿಡಿದರೆ ಕೊನೆಗೆ ಕಾಡು ತೆರೆದು ನೀರು ಕಾಣುತ್ತದೆ. ಕಣ್ಣಿಗೆ ಅದು ಬೆಟ್ಟಗಳ ನಡುವಿನ ಪ್ರಾಚೀನ ಸರೋವರದಂತೆಯೇ ತೋರುತ್ತದೆ. ಆದರೆ ಅದರ ವಯಸ್ಸು ಬಹಳವಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಇದು. ತುಂಬಿದಾಗ ಇದರ ಮಟ್ಟವು ಸಮುದ್ರದಿಂದ ೧,೮೧೯ ಅಡಿ. ತುಮರಿಯ ಕಡೆಯವರು ಸಾಗರಕ್ಕೆ ಹೋಗಲು ದಶಕಗಳ ಕಾಲ ಲಾಂಚಿಗಾಗಿ ಕಾಯುತ್ತಿದ್ದರು. ೨೦೨೫ರ ಜುಲೈಯಲ್ಲಿ ಕಳಸವಳ್ಳಿಗೂ ಅಂಬಾರಗೊಡ್ಲಿಗೂ ನಡುವೆ ಉದ್ದನೆಯ ಸೇತುವೆ ತೆರೆಯಿತು.

ಈ ನೀರಿನ ಕೆಳಗೆ ಎಷ್ಟೋ ಊರುಗಳಿವೆ. ಇನ್ನೊಂದು ಅಣೆಕಟ್ಟೂ ಇದೆ! ೧೯೪೮ರಲ್ಲಿ ಮುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೇವಲ ಹದಿನಾರು ವರ್ಷ ಕೆಲಸ ಮಾಡಿ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಗೆಯ ಕೊನೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಅದು ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಯಾರೂ ಬಚ್ಚಿಡದೆ ತಾನೇ ಬಚ್ಚಿಟ್ಟುಕೊಂಡ ನಿಧಿ ಇದು. ನಾವು ಹೋದ ದಿನ ನೀರು ಅಷ್ಟು ಇಳಿದಿರಲಿಲ್ಲ.

ದಂಡೆಯ ಹತ್ತಿರ ಚಹಾದ ಅಂಗಡಿಯಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ನಾವು ಮೊಬೈಲು ಹಿಡಿದು ದಿಕ್ಕು ನೋಡುವುದನ್ನು ಕಂಡು ವಿಚಾರಿಸಿದರು. ಹೇಳಿದೆವು. ಅವರು ಎದ್ದು ಬಂದು, ನೀರಿನ ನಡುವೆ ಒಂದು ಕಡೆಗೆ ಬೆರಳು ಮಾಡಿ, 'ನಮ್ಮನೆ ಅಡಿಕೆ ತೋಟ ಅಲ್ಲಿತ್ತು. ಬರ್ಕೊಳಿ' ಎಂದರು. ನಾವು ನಿಂತ ಜಾಗದ ಅಂಕೆಯನ್ನೂ, ಅವರ ಬೆರಳು ತೋರಿಸಿದ ದಿಕ್ಕನ್ನೂ ಬರೆದುಕೊಂಡೆವು.

ಎರಡನೆಯ ಗೆರೆ

ಅಲ್ಲಿ ನಮಗೆ ಸಿಕ್ಕಿದುದು ಒಂದು ಗೆರೆ. ಒಂದು ಗೆರೆಯಿಂದ ನೆಲೆ ಸಿಗುವುದಿಲ್ಲವೆಂಬುದನ್ನು ಅಜ್ಜನಿಂದಲೂ ಉಪಗ್ರಹಗಳಿಂದಲೂ ಕಲಿತಿದ್ದೇವೆ. ಆ ತೋಟವನ್ನು ಕಂಡ ಇನ್ನೊಬ್ಬರು ಬೇರೊಂದು ದಂಡೆಯಿಂದ ಬೆರಳು ತೋರಿಸಿದರೆ, ಎರಡು ಗೆರೆಗಳೂ ನೀರಿನ ಮೇಲೆ ಒಂದು ಕಡೆ ಕೂಡುತ್ತವೆ. ಆಗ ಆ ತೋಟಕ್ಕೆ ಮತ್ತೆ ಒಂದು ವಿಳಾಸ ಸಿಗುತ್ತದೆ. ಆದರೆ ೧೯೬೪ಕ್ಕೆ ಮೊದಲು ಆ ನೆಲದ ಮೇಲೆ ನಡೆದಾಡಿದವರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಇದು ಬರಿಯ ಆಟವೆಂದು ನಾನು ಎಣಿಸದಿರುವುದು ಈ ಕಾರಣದಿಂದ.

ಜಿಯೋಕ್ಯಾಶಿಂಗ್ ಆಡಿದವರೆಲ್ಲರೂ ಬಲ್ಲ ಒಂದು ಸತ್ಯವಿದೆ. ಅಂಕೆಯು ನಮ್ಮನ್ನು ನಿಧಿಯ ಹತ್ತಿರಕ್ಕೆ, ನಾಲ್ಕೈದು ಮೀಟರಿನ ಒಳಗೆ ತಂದು ಬಿಡುತ್ತದೆ. ಉಳಿದ ನಾಲ್ಕೈದು ಮೀಟರನ್ನು ಸುಳಿವಿನ ಮಾತಿನಿಂದ, ಕಣ್ಣಿನಿಂದ, ಬುದ್ಧಿಯಿಂದ ದಾಟಬೇಕು. ನಮ್ಮ ತಲೆಮಾರಿನ ಕೈಯಲ್ಲಿ ಅಂಕೆಯಿದೆ; ಸುಳಿವಿನ ಮಾತು ಹಿರಿಯರ ಬಾಯಲ್ಲಿದೆ. ನಾವು ಪದವಿ ಪಡೆದು ಬೆಂಗಳೂರಿಗೋ ಮುಂಬಯಿಗೋ ಹೊರಡುವವರು. ಹೊರಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಸಂಸಾರದ ಭಾರವಿರುವವನು ಹೋಗಲೇಬೇಕು, ನಾನೂ ಹೋಗಬೇಕಾದೀತು. ಆದರೆ ಮನೆಯ ಹಿಂದಿನ ಗುಡ್ಡದ ಹೆಸರು, ಹೊಳೆಯ ಗುಂಡಿಯ ಹೆಸರು, ಕಡಲಿನ ಕಲ್ಲಿನ ಹೆಸರು ಇವುಗಳನ್ನು ಕೇಳಿ ಬರೆದಿಡದೆ ಹೊರಟರೆ, ಹಿಂದಿರುಗಿ ಬಂದಾಗ ಯಂತ್ರವು ಅಂಕೆಯನ್ನು ಹೇಳೀತು, ಹೆಸರನ್ನು ಹೇಳುವವರು ಇರಲಾರರು.

ಆದುದರಿಂದ ಮಿತ್ರರಲ್ಲಿಯೂ ಅಧ್ಯಾಪಕವರ್ಗದಲ್ಲಿಯೂ ನನ್ನದೊಂದು ವಿನಂತಿ. ನಮ್ಮ ಕಾಲೇಜಿನಲ್ಲಿ ಇತಿಹಾಸ ಸಂಘವಿದೆ, ಕನ್ನಡ ಸಂಘವಿದೆ. ಎರಡೂ ಕೂಡಿ ವರ್ಷಕ್ಕೊಂದು ದಿನ ಈ ಪೆಟ್ಟಿಗೆಯಿಲ್ಲದ ಆಟವನ್ನು ಏರ್ಪಡಿಸಬಹುದು. ಖರ್ಚು ಏನೂ ಇಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ತಾಣದ ಅಂಕೆ, ಅದರ ಊರಮಾತಿನ ಹೆಸರು, ಆ ಹೆಸರನ್ನು ಹೇಳಿದ ಹಿರಿಯರ ಒಂದು ಮಾತು, ಸ್ಥಳಕ್ಕೆ ಹೋದವನು ಮಾತ್ರ ಉತ್ತರಿಸಬಲ್ಲ ಒಂದು ಪ್ರಶ್ನೆ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ತರಲಿ. ಬೇರೆಯವರು ಆ ಹಾಳೆಯನ್ನು ಹಿಡಿದು ಹುಡುಕಿಕೊಂಡು ಹೋಗಲಿ. ಹತ್ತು ವರ್ಷಗಳಲ್ಲಿ ಆ ಹಾಳೆಗಳು ಒಂದು ಪುಸ್ತಕವಾದಾವು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಒಬ್ಬರೇ ಊರೂರು ಸುತ್ತಿ, ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೇ ಬರೆದು ಕೊಟ್ಟ ನೆಲದಲ್ಲಿ, ನಾವು ಇಷ್ಟು ಮಂದಿ ಸೇರಿ ನಮ್ಮ ಮೂರು ತಾಲೂಕುಗಳನ್ನಾದರೂ ಬರೆಯಲಾರೆವೇ?

ನನ್ನ ಪಾಲಿನ ಹಾಳೆಯನ್ನು ನಾನು ಆರಂಭಿಸಿದ್ದೇನೆ. ಗಂಗೊಳ್ಳಿಯ ಆಚೆ, ನೀರಿನ ಕೆಳಗಿರುವ ಹನ್ನೊಂದು ಕಲ್ಲುಗಳ ಹೆಸರುಗಳು ಅದರಲ್ಲಿವೆ. ಏಳಕ್ಕೆ ಅಪ್ಪಯ್ಯನ ಯಂತ್ರದ ಅಂಕೆ ಕೂಡಿದೆ. ಉಳಿದ ನಾಲ್ಕಕ್ಕೆ ಅಜ್ಜನ ಗೆರೆಗಳು ಮಾತ್ರ ಇವೆ. ಈ ಮಳೆಗಾಲ ಬರುವುದರೊಳಗೆ ಅವನ್ನು ಹುಡುಕಬೇಕಾಗಿದೆ.